ಡಬಲ್ ಮಾರ್ಕರ್ ಟೆಸ್ಟ್‌ಗೆ ಹೋಗುವ ಮೊದಲು

ಉಡುಪಿಯ ಒಂದು ಆಸ್ಪತ್ರೆಯಲ್ಲಿ ಗರ್ಭಿಣಿಯರ ಓಪಿಡಿ ನೋಡಿಕೊಳ್ಳುವ ನರ್ಸ್ ನಾನು. ಕುಂದಾಪುರ, ಕಾರ್ಕಳ, ಹೆಬ್ರಿ ಕಡೆಯಿಂದ ಬೆಳಗ್ಗೆಯೇ ಬಸ್ ಹಿಡಿದು ಬರುವವರಿಗೆ ನಾನು ಮೊದಲು ಕೇಳುವುದು "ಎಷ್ಟು ವಾರ ಆಯ್ತು?" ಅಂತ. ಡೌನ್ ಸಿಂಡ್ರೋಮ್ (ಮಗುವಿನ ಬುದ್ಧಿ, ಬೆಳವಣಿಗೆ ನಿಧಾನವಾಗುವ, ಹುಟ್ಟಿನಿಂದಲೇ ಇರುವ ಸ್ಥಿತಿ) ಸಾಧ್ಯತೆ ನೋಡುವ ಮೊದಲ ತಪಾಸಣೆಗೆ ಸಿಗುವುದು ಮೂರೇ ವಾರ. 11 ವಾರ ತುಂಬಿರಬೇಕು, 13 ವಾರ 6 ದಿನ ದಾಟಿರಬಾರದು. "ಮೂರು ತಿಂಗಳು ಕಳೆಯಲಿ, ಆಮೇಲೆ ಡಾಕ್ಟರ್ ಹತ್ತಿರ ಹೋದರಾಯ್ತು" ಎನ್ನುವ ಮನೆಗಳು ಇನ್ನೂ ಇವೆ. ಅಷ್ಟು ಕಾದರೆ ಈ ಟೆಸ್ಟ್ ತಪ್ಪಿಹೋಗುತ್ತದೆ. ವಾರದ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ ಎಂದರೆ ಅದನ್ನೂ ಹೇಳಿ, ಸ್ಕ್ಯಾನ್‌ನಲ್ಲಿ ಮಗುವಿನ ಉದ್ದ ನೋಡಿ ವಾರ ಸರಿ ಮಾಡುತ್ತಾರೆ.

ಟೆಸ್ಟ್‌ನಲ್ಲಿ ಎರಡು ಭಾಗ. ಒಂದು ಎನ್‌ಟಿ ಸ್ಕ್ಯಾನ್. ಮಗುವಿನ ಕತ್ತಿನ ಹಿಂದೆ ಚರ್ಮದಡಿ ಇರುವ ನೀರಿನ ದಪ್ಪವನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ಮಗು ಸರಿಯಾದ ಭಂಗಿಯಲ್ಲಿ ಇಲ್ಲದಿದ್ದರೆ ಅಳತೆ ಸಿಗುವುದಿಲ್ಲ. ಆಗ "ಸ್ವಲ್ಪ ನಡೆದು ಬನ್ನಿ" ಅಂತ ಕಾರಿಡಾರ್‌ಗೆ ಕಳಿಸುತ್ತೇವೆ. ಏನೋ ತೊಂದರೆ ಇದೆ ಅಂತ ಅಲ್ಲ, ಮಗು ಹೊರಳಲಿ ಅಂತ ಅಷ್ಟೇ. ಹಾಗಾಗಿ ಅರ್ಧ ದಿನ ಬಿಡುವು ಮಾಡಿಕೊಂಡೇ ಬನ್ನಿ.

ಇನ್ನೊಂದು ರಕ್ತ ಪರೀಕ್ಷೆ, ಡಬಲ್ ಮಾರ್ಕರ್ ಎನ್ನುವುದು ಇದನ್ನೇ. ಇದಕ್ಕೆ ಖಾಲಿ ಹೊಟ್ಟೆ ಬೇಡ, ತಿಂಡಿ ತಿಂದು ಬನ್ನಿ. ಡೌನ್ ಸಿಂಡ್ರೋಮ್ ಇದ್ದಾಗ ಸಾಮಾನ್ಯವಾಗಿ ಪ್ಯಾಪ್-ಎ ಎಂಬ ಅಂಶ ಕಡಿಮೆ, ಬೀಟಾ ಎಚ್‌ಸಿಜಿ ಜಾಸ್ತಿ ಇರುತ್ತದೆ. ಸ್ಕ್ಯಾನ್, ರಕ್ತ, ತಾಯಿಯ ವಯಸ್ಸು ಮೂರನ್ನೂ ಸೇರಿಸಿ ಲೆಕ್ಕ ಹಾಕಿದರೆ ಡೌನ್ ಸಿಂಡ್ರೋಮ್ ಇರುವ ನೂರರಲ್ಲಿ ಸುಮಾರು 85ರಿಂದ 90 ಕೇಸ್ ಸಿಗುತ್ತವೆ. ಬರೀ ರಕ್ತ ಕೊಟ್ಟರೆ ಅಷ್ಟು ಸಿಗುವುದಿಲ್ಲ. ಅದಕ್ಕೇ ಸ್ಕ್ಯಾನ್ ರಿಪೋರ್ಟ್ ಲ್ಯಾಬ್‌ಗೂ ಹೋಗಬೇಕು.

ಲ್ಯಾಬ್‌ನ ಫಾರ್ಮ್ ತುಂಬುವಾಗ ದಯವಿಟ್ಟು ಅವಸರ ಮಾಡಬೇಡಿ. ತೂಕ ಅವತ್ತಿನದ್ದೇ ಇರಲಿ. ಮೈಭಾರ ಹೆಚ್ಚಿದ್ದರೆ ರಕ್ತದಲ್ಲಿ ಈ ಅಂಶಗಳು ತೆಳುವಾಗಿ ಕಾಣುತ್ತವೆ, ಲೆಕ್ಕ ತಪ್ಪುತ್ತದೆ. ಸಕ್ಕರೆ ಕಾಯಿಲೆ, ಐವಿಎಫ್, ಅವಳಿ ಮಕ್ಕಳು ಯಾವುದನ್ನೂ ಮುಚ್ಚಿಡಬೇಡಿ. ಅತ್ತೆ ಪಕ್ಕದಲ್ಲಿ ಕೂತಿದ್ದಾರೆ ಅಂತ ಐವಿಎಫ್ ವಿಷಯ ಬಾಯಿಬಿಡದವರು ಇದ್ದಾರೆ. ನಮ್ಮನ್ನು ಒಳಗೆ ಕರೆದು ಹೇಳಿ. ಗಂಡೋ ಹೆಣ್ಣೋ ಎಂದು ಮಾತ್ರ ಯಾರೂ ಹೇಳುವಂತಿಲ್ಲ, 1994ರ ಕಾನೂನು ಅದು.

ರಿಪೋರ್ಟ್ ಬಂದಾಗಲೇ ಹೆಚ್ಚಿನವರು ಕುಸಿಯುವುದು. ಒಬ್ಬರಿಗೆ 1:180 ಅಂತ ಬಂದಿತ್ತು, ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಹೈ ರಿಸ್ಕ್. ದುಬೈಯಲ್ಲಿದ್ದ ಗಂಡ ವಿಡಿಯೋ ಕಾಲ್‌ನಲ್ಲಿ, "ಎಂತ ಸಿಸ್ಟರ್, ಮಗುವಿಗೆ ತೊಂದರೆ ಉಂಟಾ?" ಅಂತ ಕೇಳಿದರು. ನಾನು ಹೇಳಿದ್ದು ಇಷ್ಟೇ: ಇಂಥದ್ದೇ ರಿಪೋರ್ಟ್ ಇರುವ 180 ತಾಯಂದಿರನ್ನು ಸಾಲಾಗಿ ನಿಲ್ಲಿಸಿದರೆ, 179 ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ. ಒಬ್ಬರದಕ್ಕೆ ಇರುತ್ತದೆ. ಆ ಒಬ್ಬರು ಯಾರು ಅಂತ ಈ ಟೆಸ್ಟ್ ಹೇಳುವುದಿಲ್ಲ. ಲೋ ರಿಸ್ಕ್ ಬಂದರೂ ಖಂಡಿತ ಇಲ್ಲ ಎಂದು ಅರ್ಥವಲ್ಲ.

ಹೈ ರಿಸ್ಕ್ ಬಂದರೆ ಮುಂದಿನ ದಾರಿ ಎರಡು. ಎನ್‌ಐಪಿಟಿ ಎಂದರೆ ಮತ್ತೆ ತಾಯಿಯ ರಕ್ತವೇ, 10 ವಾರದ ನಂತರ ಯಾವಾಗ ಬೇಕಾದರೂ ಮಾಡಬಹುದು. ನೂರರಲ್ಲಿ ಸುಮಾರು 99 ಕೇಸ್ ಹಿಡಿಯುತ್ತದೆ, ಆದರೆ ದುಬಾರಿ, ಮತ್ತು ಅದೂ ಕೊನೆಯ ಮಾತಲ್ಲ. ಖಚಿತ ಉತ್ತರ ಬೇಕೆಂದರೆ ಸೂಜಿ ಹಾಕಬೇಕು: 11ರಿಂದ 14 ವಾರದೊಳಗೆ ಮಾಸಿನ ತುಣುಕು ತೆಗೆಯುವ ಸಿವಿಎಸ್, ಇಲ್ಲವೇ 15 ವಾರದ ನಂತರ ಗರ್ಭದ ನೀರು ತೆಗೆಯುವ ಆಮ್ನಿಯೋ. ಗರ್ಭಪಾತದ ಭಯ ಸಣ್ಣದಾದರೂ ಇದೆ, ಡಾಕ್ಟರ್ ಬಳಿ ಕೇಳಿ ತಿಳಿದುಕೊಳ್ಳಿ. ಮೊದಲ ಅವಧಿ ತಪ್ಪಿದವರಿಗೆ 15ರಿಂದ 20 ವಾರದಲ್ಲಿ ಕ್ವಾಡ್ರುಪಲ್ ಟೆಸ್ಟ್ ಇದೆ, ರಕ್ತದಲ್ಲಿ ನಾಲ್ಕು ಅಂಶ ನೋಡುವ ಪರೀಕ್ಷೆ.

"ಗ್ರಹಣದ ದಿನ ಹೊರಗೆ ಹೋಗಿದ್ದೆ, ಅದಕ್ಕಾ?" ಎಂದು ಅಳುತ್ತಾ ಕೇಳುತ್ತಾರೆ. ಅಲ್ಲ. 21ನೇ ಕ್ರೋಮೋಸೋಮ್ ಒಂದು ಹೆಚ್ಚಾಗಿ ಬಂದಿರುತ್ತದೆ, ಅಷ್ಟೇ. ನೀವು ತಿಂದದ್ದು, ಮಾಡಿದ್ದು ಯಾವುದೂ ಕಾರಣವಲ್ಲ. ವಯಸ್ಸು ಹೆಚ್ಚಿದಂತೆ ಸಾಧ್ಯತೆ ಹೆಚ್ಚುವುದು ನಿಜ, 35ಕ್ಕೆ ಸುಮಾರು 350ರಲ್ಲಿ ಒಂದು, 40ಕ್ಕೆ ಸುಮಾರು 100ರಲ್ಲಿ ಒಂದು. ಹಾಗಂತ ಚಿಕ್ಕ ವಯಸ್ಸಿನವರಿಗೆ ಬರುವುದಿಲ್ಲ ಎಂದಲ್ಲ.

ಟೆಸ್ಟ್ ಮಾಡಿಸಲೇಬೇಕೆಂಬ ಒತ್ತಾಯ ಇಲ್ಲ. ತಿಳಿದು ಏನು ಮಾಡುತ್ತೀರಿ ಎಂದು ಗಂಡ ಹೆಂಡತಿ ಮೊದಲೇ ಕೂತು ಮಾತಾಡಿ. ಮಾಡಿಸಿದರೆ ಎಲ್ಲ ರಿಪೋರ್ಟ್ ಒಂದೇ ಫೈಲ್‌ನಲ್ಲಿಟ್ಟು, 18ರಿಂದ 20 ವಾರದಲ್ಲಿ ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್‌ಗೆ ತನ್ನಿ. ಲೋ ರಿಸ್ಕ್ ಬಂತು ಅಂತ ಆ ಸ್ಕ್ಯಾನ್ ಬಿಡಬೇಡಿ.