ಅಮ್ಮ ಒಬ್ಬರೇ ಇರುವ ಮನೆಯಲ್ಲಿ ಮೊದಲು ಏನು ಮಾಡಬೇಕು?

ನಮ್ಮ ಅಮ್ಮನಿಗೆ 74. ತುಮಕೂರಿನಲ್ಲಿ ಒಬ್ಬರೇ ಇದ್ದಾರೆ, ಇವತ್ತಿಗೂ ಬ್ಲೌಸ್ ಹೊಲಿದುಕೊಡುತ್ತಾರೆ. ಹೋದ ವರ್ಷ ರಾತ್ರಿ ಬಚ್ಚಲಲ್ಲಿ ಕಾಲು ಜಾರಿತು. ಆಸರೆಗೆ ಹಿಡಿದ ಟವೆಲ್ ರಾಡ್ ಸ್ಕ್ರೂ ಸಮೇತ ಕಿತ್ತು ಬಂತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ರಾತ್ರಿ ಏಳಬೇಕಾಗುತ್ತದೆ ಅಂತ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ಅದು ಗೊತ್ತಾದಾಗ ನನಗೆ ತುಂಬಾ ಸಂಕಟವಾಯಿತು.

ಹಾಗಾಗಿ ಮೊದಲು ಏನನ್ನೂ ಕೊಳ್ಳಬೇಡಿ. ಒಂದು ರಾತ್ರಿ ಅವರ ಜೊತೆ ಮಂಚದಿಂದ ಬಚ್ಚಲವರೆಗೆ ನಡೆಯಿರಿ. ಎಲ್ಲಿ ಗೋಡೆ ಹಿಡಿಯುತ್ತಾರೆ, ಎಲ್ಲಿ ಸ್ವಿಚ್‌ಗೆ ತಡಕಾಡುತ್ತಾರೆ ನೋಡಿ. ಜಾರುವ ಕಾಲೊರಸನ್ನು ಅಲ್ಲೇ ತೆಗೆದುಬಿಡಿ. ಯಾರಾದರೂ ಹತ್ತಿರ ಬಂದರೆ ತಾನಾಗಿ ಹೊತ್ತಿಕೊಳ್ಳುವ ಸೆನ್ಸರ್ ದೀಪವನ್ನು ಆ ದಾರಿಯಲ್ಲಿ ಹಾಕಿ.

ಬಚ್ಚಲಲ್ಲಿ ಕೈ ಎಲ್ಲಿಗೆ ಹೋಗುತ್ತದೋ ಅಲ್ಲೇ ಸ್ಟೀಲ್ ಹಿಡಿಕೆ ಬೇಕು. ಗೋಡೆ ಕೊರೆದು, ಆಂಕರ್ ಬೋಲ್ಟ್ ಹಾಕಿಸಿ. ರಬ್ಬರ್ ಬಟ್ಟಲಿನಿಂದ ಟೈಲ್ಸ್‌ಗೆ ಅಂಟಿಸುವ ಹಿಡಿಕೆಯನ್ನು ನಂಬಬೇಡಿ. ಬೀಳುವವರ ಪೂರ್ತಿ ಭಾರ ಅದರ ಮೇಲೆ ಬೀಳುತ್ತದೆ ಅಲ್ವಾ?

ಇನ್ನು ಊರುಗೋಲು. ಇದರಲ್ಲೇ ಜಾಸ್ತಿ ತಪ್ಪಾಗುವುದು. ಹೊರಗೆ ಹಾಕುವ ಚಪ್ಪಲಿ ಹಾಕಿಸಿ, ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಡಲು ಹೇಳಿ. ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರುತ್ತದೆ. ಬಲ ಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿ ಇರಬೇಕು; ಕೋಲೂ ನೋಯುವ ಕಾಲೂ ಒಟ್ಟಿಗೆ ಮುಂದೆ ಹೋಗಬೇಕು. ಅಮ್ಮ ಇಷ್ಟು ದಿನ ನೋಯುವ ಕಡೆಯೇ ಹಿಡಿಯುತ್ತಿದ್ದರು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋಯುವ ಕಾಲು ಮೊದಲು. ತುದಿಯ ರಬ್ಬರ್ ಸವೆದಿದ್ದರೆ ಬದಲಾಯಿಸಿ. ‘ಕೋಲು ಹಿಡಿದ್ರೆ ಮುದುಕಿ ಅಂತಾರೆ ಕಣೇ’ ಅಂದರೆ ಬಲವಂತ ಬೇಡ. ಅಮ್ಮ ಮೊದಲು ಮನೆಯೊಳಗೆ ಮಾತ್ರ ಹಿಡಿದರು, ಆಮೇಲೆ ಗೇಟಿನವರೆಗೆ.

ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ, ಟೈಪ್ ಮಾಡುವ ಬದಲು ಕನ್ನಡದಲ್ಲಿ ಮಾತಾಡಿ ಬರೆಸುವ ಮೈಕ್ ತೋರಿಸಿಕೊಡಿ. ಆಂಡ್ರಾಯ್ಡ್ 12 ಅಥವಾ ನಂತರದ ಬಹಳಷ್ಟು ಫೋನ್‌ಗಳಲ್ಲಿ ‘ಎಮರ್ಜೆನ್ಸಿ ಎಸ್‌ಒಎಸ್’ ಇದೆ. ಅದನ್ನು ಆನ್ ಮಾಡಿಟ್ಟರೆ, ಪವರ್ ಬಟನ್ 5 ಸಲ ಬೇಗಬೇಗ ಒತ್ತಿದಾಗ ತುರ್ತು ಕರೆ ಹೋಗುತ್ತದೆ. ಅಭ್ಯಾಸ ಮಾಡಿಸುವಾಗ 112ಕ್ಕೆ ಸುಮ್ನೆ ಕರೆ ಹೋಗದಂತೆ ನೋಡಿಕೊಳ್ಳಿ. ಬಿದ್ದಾಗ ಫೋನ್ ಮಂಚದ ಮೇಲಿದ್ದರೆ ಏನೂ ಪ್ರಯೋಜನವಿಲ್ಲ. ಫೋನ್ ಇಟ್ಟು ಕುತ್ತಿಗೆಗೆ ಹಾಕಿಕೊಳ್ಳಲು ಒಂದು ಬಟ್ಟೆ ಚೀಲವನ್ನು ಅಮ್ಮ ತಾವೇ ಹೊಲಿದುಕೊಂಡರು.

ದುಡ್ಡಿನ ತೊಂದರೆ ಇದ್ದರೆ, 60 ದಾಟಿದ ಬಡ ಕುಟುಂಬದವರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಊರುಗೋಲು, ಶ್ರವಣ ಸಾಧನ, ಗಾಲಿ ಕುರ್ಚಿ ಉಚಿತವಾಗಿ ಸಿಗುತ್ತವೆ. 2017ರಲ್ಲಿ ಶುರುವಾದ ಯೋಜನೆ ಇದು. ಶಿಬಿರದಲ್ಲಿ ಪರೀಕ್ಷೆ ಮಾಡಿ ಕೊಡುತ್ತಾರೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ಕೇಳಬಹುದು.

ಕೊನೆಗೆ ಅವರ ಕೆಲಸ. ಅಮ್ಮನಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಪಕ್ಕದ ಮನೆ ಹುಡುಗಿ ಶಾಲೆಯಿಂದ ಬರುವವರೆಗೆ ಕಾಯುತ್ತಿದ್ದರು. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಪುಟ್ಟ ತಗಡಿಗೆ ತಂತಿ ಕುಣಿಕೆ ಇರುವ ಒಂದು ಸಾಧನ ಸಿಕ್ಕಿತು. ಕುಣಿಕೆಯನ್ನು ಸೂಜಿಯ ಕಣ್ಣಿಗೆ ತೂರಿಸಿ, ಅದರೊಳಗೆ ದಾರ ಹಾಕಿ, ಹಿಂದಕ್ಕೆ ಎಳೆದರಾಯಿತು. ಅವತ್ತು ಮಧ್ಯಾಹ್ನವೇ ಎರಡು ಬ್ಲೌಸಿಗೆ ಹುಕ್ ಹಾಕಿ ಮುಗಿಸಿದರು.