ಬೀಟ್‌ರೂಟ್ ನಂಬಿ ಕಾರ್ಡ್ ಮಾಡಬೇಡಿ

ತರಕಾರಿ ಸಿಪ್ಪೆಯ ಬಣ್ಣದಲ್ಲಿ ಕಾರ್ಡ್ ಮಾಡುತ್ತೇವೆ ಎಂದು ಹೊರಟವರು ಮೊದಲು ಕೈ ಹಾಕುವುದು ಬೀಟ್‌ರೂಟಿಗೆ. ನಾನೂ ಹಾಗೇ ಮಾಡಿದವಳು. ಒಂದು ಯುಗಾದಿಗೆ ಬೀಟ್‌ರೂಟ್ ಸಿಪ್ಪೆಯ ರಸ ಬಳಿದು ಮಗಳಿಗೆ ಗುಲಾಬಿ ಕಾರ್ಡ್ ಕಳಿಸಿದ್ದೆ. ಅವಳು ಪ್ರೀತಿಯಿಂದ ಕಿಟಕಿ ಪಕ್ಕ ಸಿಕ್ಕಿಸಿಟ್ಟಿದ್ದಳು. ತಿಂಗಳು ಬಿಟ್ಟು ಹೋಗಿ ನೋಡಿದರೆ ಕಾರ್ಡ್ ಇದೆ, ಗುಲಾಬಿ ಇಲ್ಲ; ಮಾಸಿದ ಪಂಚೆಯ ಬಣ್ಣ. ಬಸಳೆ ಹಣ್ಣಿನ ನೇರಳೆಯೂ ಇದೇ ಜಾತಿಯದ್ದು. ಮಕ್ಕಳು ಹಿಂಡಿ ಮಸಿಯಾಟ ಆಡಲಿ, ಇಟ್ಟುಕೊಳ್ಳುವ ಕಾರ್ಡಿಗೆ ಬೇಡ.

ಬಾಳಿಕೆ ಬರುವುದು ಈರುಳ್ಳಿಯ ಒಣ ಸಿಪ್ಪೆ. ಮೇಲಿನ ಕಾಗದದಂಥ ಪದರ ಮಾತ್ರ ಸಾಕು. ಹಸಿ ಪದರ ಸೇರಿದರೆ ನೀರು ಕೊಳೆತು ನಾರುತ್ತದೆ. ನಾಲ್ಕು ಹಿಡಿ ಸಿಪ್ಪೆಗೆ ಎರಡು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ, ಹಳೇ ಬಟ್ಟೆಯಲ್ಲಿ ಸೋಸಿ, ಮತ್ತೆ ಅರ್ಧ ಲೋಟಕ್ಕೆ ಇಳಿಸಿ. ಹಾಗೇ ಬಳಿದರೆ ಕಂದು. ಚಿಟಿಕೆ ಪಟಿಕದ ಪುಡಿ ಬಿದ್ದರೆ ಬಣ್ಣ ಹೊಂಬಣ್ಣಕ್ಕೆ ತಿರುಗುತ್ತದೆ, ಬಿಸಿಲಿಗೂ ಸ್ವಲ್ಪ ತಡೆಯುತ್ತದೆ. ಪಟಿಕ ಎಂದರೆ ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ತಿಕ್ಕುವ ಬಿಳಿ ಕಲ್ಲೇ. ಇದಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಸಾರಿಗೆ ಇಡಬೇಡಿ.

ದಾಳಿಂಬೆ ಸಿಪ್ಪೆಯನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿದರೆ ಹಳದಿ, ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಬೂದುಗಪ್ಪು. ಸಿಪ್ಪೆ ಅದೇ, ನೀರು ಅದೇ. ಸಿಪ್ಪೆಯ ಒಗರೂ ಕಬ್ಬಿಣವೂ ಸೇರಿದರೆ ಕಪ್ಪು ಹುಟ್ಟುತ್ತದೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ಗುಟ್ಟಿನಿಂದ. ಬಾಣಲೆ ಇಲ್ಲದಿದ್ದರೆ ತುಕ್ಕು ಹಿಡಿದ ನಾಲ್ಕು ಮೊಳೆಗಳನ್ನು ವಿನೆಗರಿನಲ್ಲಿ ಒಂದು ವಾರ ನೆನೆಹಾಕಿ. ಸಿಪ್ಪೆಯ ಕಷಾಯಕ್ಕೆ ಆ ನೀರಿನ ಎರಡು ಹನಿ ಸಾಕು. ಸೋಸಿ ಬಿಟ್ಟ ಚಹಾ ಚರಟದ ಕಷಾಯಕ್ಕೂ ಹೀಗೇ ಮಾಡಬಹುದು. ಕಾರ್ಡಿನ ಮೇಲೆ ಬರೆಯಲು ನಾನು ಈ ಕಪ್ಪನ್ನೇ ಬಳಸುವುದು, ಹಿಡಿಕಡ್ಡಿಯ ತುದಿ ಚೂಪು ಮಾಡಿಕೊಂಡು.

ನಮ್ಮ ಮಲೆನಾಡಿನ ಸಾಗರದ ಕಡೆ ಚೊಗರು, ಎಂದರೆ ಅಡಿಕೆ ಬೇಯಿಸಿದ ನೀರು, ಸಿಗುತ್ತದೆ. ಭೀಮನಕೋಣೆಯ ಕೈಮಗ್ಗದ ಸಂಸ್ಥೆ ‘ಚರಕ’ದವರು ಬಟ್ಟೆಗೇ ಅದರ ಬಣ್ಣ ಹಾಕುತ್ತಾರೆ ಎಂದ ಮೇಲೆ ಕಾಗದದ ಮಾತೇನು! ಮಂದ ಚೊಗರಿಗೆ ನೀರು ಬೆರೆಸಿ ಬಳಿದರೆ ಕೆಂಗಂದು. ಒಣಗಿದ ಮೇಲೆ ಸುಣ್ಣದ ತಿಳಿಯಲ್ಲಿ ಗೆರೆ ಎಳೆಯಿರಿ, ಗೆರೆ ಎಳೆದಲ್ಲಿ ಕೆಂಪೇರುತ್ತದೆ. ಎಲೆ ಅಡಿಕೆ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರಿಶಿನದ ಮೇಲೂ ಸುಣ್ಣ ಕೆಂಪಾಗುತ್ತದೆ, ಆರತಿಯ ಓಕುಳಿಯ ಹಾಗೆ. ಆದರೆ ಅರಿಶಿನ ಬಿಸಿಲಿಗೆ ಬೇಗ ಸೋಲುತ್ತದೆ. ಆಲ್ಬಮ್ಮಿನೊಳಗೆ ಇಡುವ ಕಾರ್ಡಿಗಾದರೆ ಅಡ್ಡಿಯಿಲ್ಲ.

ಕಾಗದ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಒರಟು ಡ್ರಾಯಿಂಗ್ ಶೀಟ್. ಹೊಳಪಿನ ಲಗ್ನಪತ್ರಿಕೆ ಬಣ್ಣ ಕುಡಿಯುವುದಿಲ್ಲ, ಮೇಲೇ ಹನಿಗಟ್ಟುತ್ತದೆ. ಬಣ್ಣ ಹಾಕಿ ಒಣಗಿಸಿದ ಮೇಲೆ ಮಡಚಿ. ಮೊದಲೇ ಮಡಚಿದರೆ ಮಡಿಕೆಯಲ್ಲಿ ಬಣ್ಣ ನಿಂತು ಕಪ್ಪು ಗೆರೆ ಬೀಳುತ್ತದೆ. ಅರೆ ಒಣಗಿದಾಗ ಎರಡು ಹತ್ತಿ ಬಟ್ಟೆಯ ನಡುವೆ ಇಟ್ಟು ಮೇಲೆ ಮಣೆ ಹೇರಿದರೆ ಸುರುಟುವುದಿಲ್ಲ. ಬಟ್ಟೆಯ ಬದಲು ನ್ಯೂಸ್‌ಪೇಪರ್ ಇಟ್ಟು ಒಮ್ಮೆ ಪೇಟೆ ಧಾರಣೆಯೆಲ್ಲ ನನ್ನ ಕಾರ್ಡಿಗೆ ಉಲ್ಟಾ ಅಚ್ಚಾಗಿತ್ತು.

ಅಚ್ಚೆಂದಾಗ ನೆನಪಾಯಿತು. ಬೆಂಡೆಕಾಯಿಯ ತೊಟ್ಟಿನ ಭಾಗವನ್ನು ಅಡ್ಡ ಕೊಯ್ದರೆ ಹೂವಿನಂಥ ಅಚ್ಚು ಸಿಗುತ್ತದೆ. ಕೊಯ್ದು ಅರ್ಧ ಗಂಟೆ ಆರಲು ಬಿಟ್ಟು ಲೋಳೆ ಒರೆಸಿಕೊಳ್ಳಿ, ಇಲ್ಲವಾದರೆ ಹೂವಿನ ಬದಲು ಕಲೆ ಮೂಡುತ್ತದೆ. ಬಣ್ಣವನ್ನು ತಟ್ಟೆಯಲ್ಲಿ ಸುರಿದು ಅದ್ದಬೇಡಿ; ಮಡಚಿದ ಬಟ್ಟೆ ತುಂಡಿಗೆ ಕುಡಿಸಿ ಅದರ ಮೇಲೆ ಒತ್ತಿ. ಬಣ್ಣ ತೀರ ನೀರಾಗಿದ್ದರೆ ರಾತ್ರಿ ನೆನೆಸಿದ ಜಾಲಿ ಅಂಟು ಒಂದು ಚಮಚ ಬೆರೆಸಿ. ಮಿಕ್ಕದ್ದನ್ನು ಸೀಸೆಗೆ ಹಾಕಿ, ಎರಡು ಲವಂಗ ಬಿಟ್ಟು ಫ್ರಿಜ್ಜಿನಲ್ಲಿಟ್ಟರೆ ವಾರದ ಮಟ್ಟಿಗೆ ಚಿಂತೆಯಿಲ್ಲ. ಸೀಸೆಯ ಮೇಲೆ ಹೆಸರು ಬರೆಯಿರಿ. ನಮ್ಮ ಮನೆಯಲ್ಲಿ ಈರುಳ್ಳಿ ಬಣ್ಣವನ್ನು ನಮ್ಮವರು ಕಷಾಯವೆಂದು ಒಂದು ಗುಟುಕು ಕುಡಿದೂ ಆಗಿದೆ.

ಮಲೆನಾಡಿನವರು ಆಷಾಢದಲ್ಲಿ ಈ ಕೆಲಸಕ್ಕೆ ಕೂರಬೇಡಿ, ಕಾರ್ಡ್ ಒಣಗುವ ಮೊದಲೇ ಬೂಷ್ಟು ಹಿಡಿದಿರುತ್ತದೆ. ಸಂಕ್ರಾಂತಿಗೆ ಎಳ್ಳಿನ ಜೊತೆ ಹಂಚುವುದಾದರೆ ಡಿಸೆಂಬರಿನಲ್ಲೇ ಈರುಳ್ಳಿ ಬುಟ್ಟಿಯ ಪಕ್ಕ ಒಂದು ಚೀಲ ನೇತುಹಾಕಿ.