ಎಂಬಾಮಿಂಗ್: ಯಾವ ರಾಸಾಯನಿಕ, ಯಾತಕ್ಕೆ?

ಬೆಂಗಳೂರಿನಲ್ಲಿ ತೀರಿಕೊಂಡವರನ್ನು ವಿಮಾನದಲ್ಲಿ ಊರಿಗೆ ಕಳಿಸಬೇಕಾದರೆ ಎಂಬಾಮಿಂಗ್, ಅಂದರೆ ದೇಹ ಬೇಗ ಕೊಳೆಯದಂತೆ ರಾಸಾಯನಿಕ ತುಂಬುವ ಕೆಲಸ, ಆಗಿದೆ ಎಂಬ ಸರ್ಟಿಫಿಕೇಟ್ ಕೇಳುತ್ತಾರೆ. ದುಃಖದಲ್ಲಿರುವ ಮನೆಯವರಿಗೆ 'ಏನೋ ಇಂಜೆಕ್ಷನ್ ಕೊಡ್ತಾರಂತೆ' ಎನ್ನುವುದಷ್ಟೇ ಗೊತ್ತಿರುತ್ತದೆ. ತಮ್ಮವರ ದೇಹಕ್ಕೆ ಏನು ಹಾಕುತ್ತಾರೆ ಎಂದು ಕೇಳಿ ತಿಳಿಯುವುದರಲ್ಲಿ ಸಂಕೋಚ ಬೇಡ. ನಗರದಲ್ಲಿ ವೈದ್ಯಕೀಯ ಕಾಲೇಜುಗಳ ಅನಾಟಮಿ (ದೇಹರಚನೆ) ವಿಭಾಗದವರು ಈ ಕೆಲಸ ಮಾಡುತ್ತಾರೆ. ಅದು ನಡೆಯುವ ಕ್ರಮ ಹೀಗಿದೆ.

ಶುರುವಿಗೆ ಮುಂಚೆ

ಕಣ್ಣು ದಾನ ಮಾಡುವುದಿದ್ದರೆ ಅದು ಮೊದಲು ಆಗಬೇಕು, ಸಾಮಾನ್ಯವಾಗಿ ಸಾವಿನ ನಂತರ 6 ಗಂಟೆಯೊಳಗೆ. ಅಪಘಾತ, ಆತ್ಮಹತ್ಯೆ ಅಥವಾ ಅನುಮಾನದ ಸಾವಾದರೆ ಪೋಸ್ಟ್‌ಮಾರ್ಟಂ ಮುಗಿಯದೆ ಎಂಬಾಮಿಂಗ್ ಮಾಡಲೇಬಾರದು. ಎಂಬಾಮಿಂಗ್‌ನ ಮುಖ್ಯ ರಾಸಾಯನಿಕವಾದ ಫಾರ್ಮಾಲಿನ್ ಒಳಗೆ ಹೋದ ಮೇಲೆ ಸಯನೈಡ್‌ನಂಥ ವಿಷ ಪತ್ತೆ ಮಾಡುವುದು ಕಷ್ಟ. ಎಷ್ಟು ಬೇಗ ಮಾಡಿಸಿದರೆ ಅಷ್ಟು ಒಳ್ಳೆಯದು. ಕೊಳೆಯಲು ಶುರುವಾದ ದೇಹದಲ್ಲಿ ದ್ರಾವಣ ಸರಿಯಾಗಿ ಹರಡುವುದಿಲ್ಲ. ಫ್ರೀಜರ್ ಬಾಕ್ಸ್ ಕೊಳೆಯುವುದನ್ನು ತಡಮಾಡುತ್ತದೆ, ಅಷ್ಟೇ.

ರಕ್ತನಾಳದ ಮೂಲಕ

ತೊಡೆ ಸಂದಿನ ಅಥವಾ ಕುತ್ತಿಗೆಯ ದೊಡ್ಡ ಅಪಧಮನಿಗೆ ಕೊಳವೆ ಸೇರಿಸುತ್ತಾರೆ. ಪಂಪ್‌ನಿಂದ, ಅಥವಾ ಕ್ಯಾನನ್ನು ಎತ್ತರದಲ್ಲಿಟ್ಟು ನಿಧಾನವಾಗಿ ದ್ರಾವಣ ಹರಿಸುತ್ತಾರೆ. ವಯಸ್ಕರ ದೇಹಕ್ಕೆ ಹೆಚ್ಚುಕಡಿಮೆ 8–10 ಲೀಟರ್ ಹಿಡಿಯುತ್ತದೆ.

ಇದರಲ್ಲಿ ಮುಖ್ಯವಾದದ್ದು ಫಾರ್ಮಾಲಿನ್. ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ನೀರಿನಲ್ಲಿ ಶೇ 37–40ರಷ್ಟು ಕರಗಿಸಿದರೆ ಫಾರ್ಮಾಲಿನ್. ದೇಹದ ಪ್ರೋಟೀನ್‌ಗಳನ್ನು ಅದು ಒಂದಕ್ಕೊಂದು ಹೆಣೆಯುತ್ತದೆ, ಬಿಡಿ ಹೂಗಳನ್ನು ದಾರದಲ್ಲಿ ಬಿಗಿದ ಹಾಗೆ. ಹೀಗೆ ಬಿಗಿದ ಪ್ರೋಟೀನ್ ಬ್ಯಾಕ್ಟೀರಿಯಾಕ್ಕೆ ಆಹಾರವಾಗುವುದಿಲ್ಲ. ಬ್ಯಾಕ್ಟೀರಿಯಾವೂ ಸಾಯುತ್ತದೆ. ಜೀವಕೋಶಗಳನ್ನು ಒಳಗಿನಿಂದಲೇ ಕರಗಿಸುವ ಕಿಣ್ವಗಳೂ ನಿಲ್ಲುತ್ತವೆ.

ಹಾಗಾದರೆ ಫಾರ್ಮಾಲಿನ್ ಒಂದೇ ಸಾಲದಾ? ಸಾಲದು. ಬರೀ ಅದನ್ನೇ ಹಾಕಿದರೆ ಚರ್ಮ ಬೂದು ಬಣ್ಣಕ್ಕೆ ತಿರುಗಿ, ಒಣಗಿ, ಗಟ್ಟಿಯಾಗುತ್ತದೆ. ಕೊನೆಯ ಸಲ ಮುಖ ನೋಡಲು ಬರುವವರಿಗೆ ಗುರುತಿನ ಮುಖವೇ ಕಾಣಬೇಕು, ಅಲ್ವಾ? ಉಳಿದ ರಾಸಾಯನಿಕಗಳಲ್ಲಿ ಜಾಸ್ತಿ ಪಾಲು ಇರುವುದು ಈ ಒರಟುತನ ತಗ್ಗಿಸಲು. ಗ್ಲಿಸರಿನ್ ತೇವ ಹಿಡಿದಿಟ್ಟು ಚರ್ಮ ಮೃದುವಾಗಿರಿಸುತ್ತದೆ. ಇಯೋಸಿನ್ ಎಂಬ ಕೆಂಪು ಬಣ್ಣ ಮುಖಕ್ಕೆ ಕಳೆ ತರುತ್ತದೆ. ದ್ರಾವಣ ಎಲ್ಲಿಯವರೆಗೆ ತಲುಪಿದೆ ಎಂಬುದೂ ಅದರಿಂದ ಗೊತ್ತಾಗುತ್ತದೆ. ಬೋರಾಕ್ಸ್ ಆಮ್ಲೀಯತೆಯನ್ನು ಹದದಲ್ಲಿಡುತ್ತದೆ.

ಇನ್ನು ಸೋಡಿಯಂ ಸಿಟ್ರೇಟ್ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಂಡು ದಾರಿ ಬಿಡಿಸುತ್ತದೆ. ಫೀನಾಲ್ ಬೂಷ್ಟು ಹಿಡಿಯದಂತೆ ತಡೆಯುತ್ತದೆ. ಫಾರ್ಮಾಲಿನ್ ಬಿಳಿ ಪುಡಿಯಾಗಿ ತಳ ಸೇರದಿರಲು ಮೆಥನಾಲ್ ಬೇಕು. ವಾಸನೆ ಮರೆಸಲು ಲವಂಗದ ಎಣ್ಣೆಯಂಥದ್ದನ್ನು ಸೇರಿಸುವುದುಂಟು.

ಹೊಟ್ಟೆ, ಎದೆಯ ಭಾಗ

ಕರುಳಿನಲ್ಲಿ ಬ್ಯಾಕ್ಟೀರಿಯಾ ಹೇರಳ. ಅಲ್ಲಿಗೆ ರಕ್ತನಾಳದ ದ್ರಾವಣ ಮಾತ್ರ ಸಾಲದೆ ಹೋಗಬಹುದು. ಆಗ ಟ್ರೋಕಾರ್ ಎಂಬ ಚೂಪು ಕೊಳವೆಯಿಂದ ಒಳಗಿನ ದ್ರವ, ಗಾಳಿ ಎಳೆದು, ಇನ್ನೂ ತೀಕ್ಷ್ಣವಾದ ಫಾರ್ಮಾಲಿನ್ ಬಿಡುತ್ತಾರೆ.

ದೇಹದಾನವಾಗಿ ಬಂದ ದೇಹಕ್ಕೆ ಪಾಕವೇ ಬೇರೆ. ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕಲಿಯಬೇಕಾದ್ದರಿಂದ ಪ್ರಮಾಣ ಹೆಚ್ಚು. ಆಸ್ಟ್ರಿಯಾದ ವಾಲ್ಟರ್ ಥೀಲ್ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಫಾರ್ಮಾಲಿನ್ ತೀರಾ ಕಡಿಮೆ, ಲವಣಗಳು ಜಾಸ್ತಿ. ಕೀಲುಗಳು ಸಲೀಸಾಗಿ ಬಾಗುತ್ತವೆ. ಶಸ್ತ್ರಚಿಕಿತ್ಸೆ ಅಭ್ಯಾಸಕ್ಕೆ ಇದು ತುಂಬಾ ಅನುಕೂಲ.

ಮನೆಗೆ ತಂದ ಮೇಲೆ

ಫಾರ್ಮಾಲ್ಡಿಹೈಡ್ ಕಣ್ಣು, ಮೂಗು ಉರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಹೆಚ್ಚಿನ ಅಪಾಯ ದಿನಾ ಇದರ ಜೊತೆ ಕೆಲಸ ಮಾಡುವವರಿಗೆ. ಅವರಿಗೆ ಗಾಳಿಯಾಡುವ ಕೋಣೆ, ಗ್ಲೌಸ್, ಸರಿಯಾದ ಮಾಸ್ಕ್ ಕೊಡದೆ ಕೆಲಸ ಮಾಡಿಸುವುದು ತಪ್ಪು. ಮನೆಯಲ್ಲಿ ಕಿಟಕಿ ತೆರೆದಿಡಿ. ಪುಟ್ಟ ಮಕ್ಕಳನ್ನು, ಉಬ್ಬಸ ಇರುವವರನ್ನು ತುಂಬಾ ಹೊತ್ತು ಹತ್ತಿರ ಕೂರಿಸಬೇಡಿ. ಸ್ನಾನ ಮಾಡಿಸುವ ಪದ್ಧತಿ ನಿಮ್ಮಲ್ಲಿದ್ದರೆ ಎಂಬಾಮಿಂಗ್ ಮಾಡುವವರಿಗೆ ಮುಂಚೆಯೇ ಹೇಳಿ, ಹೇಗೆ ಮಾಡಬೇಕೆಂದು ಕೇಳಿಕೊಳ್ಳಿ. ಮಾಡಿಸುವವರು ಗ್ಲೌಸ್ ಹಾಕಿಕೊಳ್ಳಲಿ.